ಸುದ್ದಿಮಡಿ

ನಮ್ಮೂರಿನ ಕಾರುಗಳೆಲ್ಲ ರೋಟರಿ ಎಂಜಿನ್ನಿನವು. ಪಿಸ್ಟನ್ ಮೇಲೆ ಕೆಳಗೆ ಕುಣಿಯುವ ಬದಲು, ಹೊಟ್ಟೆ ಉಬ್ಬಿದ ತ್ರಿಕೋನದಂಥ ಒಂದು ಕಬ್ಬಿಣದ ಮುದ್ದೆ ಒಳಗೆ ಗಿರಗಿರ ತಿರುಗುತ್ತದೆ. ಕಂಪನಿಯಿಂದ ಬಂದ ಹಾಗೆಯೇ ಬಿಟ್ಟರೆ ಅದು ನೂರಮೂವತ್ತು ಕುದುರೆಯ ಶಕ್ತಿ ಕೊಟ್ಟುಕೊಂಡು ತನ್ನ ಪಾಡಿಗೆ ತಾನಿರುತ್ತದೆ. ತನ್ನ ಪಾಡಿಗೆ ಇರುವ ಏನನ್ನು ಕಂಡರೂ ನಮ್ಮೂರಿನವರಿಗೆ ಆಗದು. ಬಿಚ್ಚುತ್ತಾರೆ, ಗಾಳಿ ಒಳಹೋಗುವ ಪೋರ್ಟನ್ನು ಗ್ರೈಂಡರ್ ಹಿಡಿದು ಅಗಲ ಮಾಡುತ್ತಾರೆ, ಸೈಲೆನ್ಸರ್ ಕಿತ್ತು ನೆಟ್ಟಗಿನ ಪೈಪು ಕೂರಿಸುತ್ತಾರೆ, ಮತ್ತೆ ಮುಚ್ಚುತ್ತಾರೆ. ಮುಚ್ಚಿದ ಮೇಲೆ ಅದು ಎಷ್ಟು ಕುದುರೆ ಕೊಡುತ್ತದೆ ಎಂದರೆ, ಕಡೆಯ ಬೋಲ್ಟು ಬಿಗಿಯುವಾಗ ಮೇಸ್ತ್ರಿಯ ಮನಸ್ಸಿನಲ್ಲಿ ಎಷ್ಟಿತ್ತೋ ಅಷ್ಟು. ಬಾಯಲ್ಲಿ ಎಷ್ಟಿತ್ತೋ ಅಷ್ಟಲ್ಲ; ಹಾಗಿದ್ದಿದ್ದರೆ ನಮ್ಮೂರು ಎಂದೋ ನೆಲ ಬಿಟ್ಟು ಹಾರಿಹೋಗುತ್ತಿತ್ತು.

ಅಳೆಯುವವನು ನಾನು. ಸಂತೆ ಮೈದಾನದ ಅಂಚಿನಲ್ಲಿ ಪುರಸಭೆಯ ರೋಲರ್ ಕಟ್ಟೆ ಇದೆ. ಕಾರಿನ ಹಿಂದಿನ ಗಾಲಿಗಳನ್ನು ರೋಲರಿನ ಮೇಲೆ ನಿಲ್ಲಿಸಿ ಆಕ್ಸಿಲರೇಟರ್ ತುಳಿದರೆ ನನ್ನ ಮುಂದಿನ ಡಬ್ಬಿಯಲ್ಲಿ ಸೂಜಿ ಏಳುತ್ತದೆ. ಡಬ್ಬಿಯ ಗಾಜು ತಗ್ಗಿನಲ್ಲಿರುವುದರಿಂದ ಕುರ್ಚಿಯಲ್ಲಿ ಕೂತ ಒಬ್ಬನಿಗೆ ಮಾತ್ರ ಕಾಣುತ್ತದೆ. ನಾನು ಗಟ್ಟಿಯಾಗಿ ಓದಿದ್ದೇ ಅಂಕಿ. ಅದನ್ನೇ ಕಾರಿನ ಬಾಗಿಲ ಮೇಲೆ ಬರೆಸಿಕೊಳ್ಳುತ್ತಾರೆ. ಮೊದಲು ನಾನು ಶಾಲೆಯಲ್ಲಿದ್ದೆ. ಮಕ್ಕಳಿಗೆ ಬಂದಷ್ಟೇ ಮಾರ್ಕು ಹಾಕುತ್ತೇನೆ ಎಂಬ ದೂರಿನ ಮೇಲೆ ಇಲ್ಲಿಗೆ ಕಳಿಸಿದರು. ಜನ ಈಗಲೂ ಮಾಸ್ತರ್ ಎಂದೇ ಕರೆಯುತ್ತಾರೆ. ಅಷ್ಟು ಕುದುರೆ ಕಟ್ಟಿಕೊಂಡು ಹೋಗುವುದಾದರೂ ಎಲ್ಲಿಗೆ ಎಂದು ನೀವು ಕೇಳಬಹುದು. ಊರಿನ ರಸ್ತೆ ಏಳು ಕಿಲೋಮೀಟರ್, ಅದರಲ್ಲಿ ಹದಿನಾಲ್ಕು ಉಬ್ಬು. ಇನ್ನೂರು ಕುದುರೆಯ ಕಾರುಗಳು ಎಮ್ಮೆಗಳ ಹಿಂದೆ ಸಾಲಾಗಿ ನಿಂತು ಗುರುಗುಟ್ಟುವುದು ನಮ್ಮಲ್ಲಿ ದಿನದ ನೋಟ.

ಇಂಥ ಊರಿನಲ್ಲಿ ಮೇಸ್ತ್ರಿಯ ಮನಸ್ಸನ್ನು ಕಾಯುವುದೇ ದೊಡ್ಡ ಕೆಲಸ. ಆದ್ದರಿಂದ ಎಂಜಿನ್ ಬಿಚ್ಚಿದ ಗಳಿಗೆಯಿಂದ ಕಡೆಯ ಬೋಲ್ಟು ಬಿಗಿದು ಕಟ್ಟೆಯಲ್ಲಿ ಅಂಕಿ ಓದುವ ತನಕ ಶೆಡ್ಡಿನ ಬಾಗಿಲಿಗೆ ಒಂದು ಕೆಂಪು ಬಟ್ಟೆ ಕಟ್ಟುತ್ತಾರೆ. ಅದು ಇರುವ ತನಕ ಮೇಸ್ತ್ರಿಗೆ ಸುದ್ದಿಮಡಿ: ಕೆಟ್ಟ ಸುದ್ದಿ ಅವನನ್ನು ಮುಟ್ಟಕೂಡದು. ಪೋಸ್ಟಿನವನು ಅವನ ಕಾಗದ ಒಡೆದು ಓದಿ, ಒಳ್ಳೆಯದಿದ್ದರೆ ಕೊಡುತ್ತಾನೆ. ಪತ್ರಿಕೆಯಲ್ಲಿ ಹವಾಮಾನ ಮತ್ತು ಮದುವೆಯ ಜಾಹೀರಾತು ಮಾತ್ರ ಉಳಿಯುತ್ತವೆ. ಹೆಂಡತಿಯರು ಜಗಳವನ್ನು ಕೂಡಿಡುತ್ತಾರೆ. ಬಟ್ಟೆ ಇಳಿದ ದಿನ ಶೆಡ್ಡಿನ ಮುಂದಿನ ಬೆಂಚಿನ ಮೇಲೆ ಕೆಟ್ಟ ಸುದ್ದಿಯವರು ಸಾಲಾಗಿ ಕೂತಿರುತ್ತಾರೆ. ಒಬ್ಬೊಬ್ಬರಾಗಿ ಒಳಗೆ ಹೋಗಿ ಹೇಳಿ ಬರುತ್ತಾರೆ. ತಂದೆಯ ತಿಥಿಗೆ ಬಂದ ಮೇಲೆ ತಂದೆ ಸತ್ತದ್ದು ಗೊತ್ತಾದ ಮೇಸ್ತ್ರಿಗಳಿದ್ದಾರೆ. ಯಾರೂ ಬೈಯುವುದಿಲ್ಲ. ‘ಎಂಜಿನ್ ತೆಗೆದಿತ್ತು’ ಅಂದರೆ ಮುಗಿಯಿತು. ಇದು ಬರೆದ ಕಾನೂನಲ್ಲ. ಬರೆದದ್ದಾಗಿದ್ದರೆ ಮುರಿಯುವವರು ಸಿಗುತ್ತಿದ್ದರು. ಒಮ್ಮೆ ಸಿದ್ರಾಮ ಮೇಸ್ತ್ರಿಗೆ ಕಡೆಯ ಬೋಲ್ಟಿನ ಹೊತ್ತಿಗೆ ಯಾರೋ, ‘ನಿಮ್ಮಳಿಯ ಮತ್ತೆ ಬಂದವನೆ’ ಎಂದುಬಿಟ್ಟರು. ತೊಂಬತ್ತೆಂಟು ಕುದುರೆ.

ಮೇಸ್ತ್ರಿಗಳಲ್ಲೆಲ್ಲ ಮೇಲು ಮೈಲಾರಿ. ಕಲ್ಲಂಗಡಿ ಹಣ್ಣನ್ನು ತಟ್ಟಿ ನೋಡದೆ ಕೊಳ್ಳುವವನು; ಕೊಯ್ದಾಗ ಬೆಳ್ಳಗಿದ್ದರೆ, ‘ಬೀಜದ ಹತ್ರ ಕೆಂಪೈತೆ ನೋಡ್ರಿ’ ಎನ್ನುವವನು. ಅವನ ಕೈಕೆಲಸ ಬೇರೆಯವರಿಗಿಂತ ಹೆಚ್ಚಿನದೇನಲ್ಲ. ಅದೇ ಪೋರ್ಟು, ಅದೇ ಸೀಲು, ಅದೇ ಪೈಪು. ಆದರೆ ಬೇರೆಯವರು ನೂರಾ ಎಂಬತ್ತಕ್ಕೆ ಉಸ್ಸೆಂದು ಕೂತರೆ ಮೈಲಾರಿಯದು ಇನ್ನೂರ ನಲವತ್ತು ಮುಟ್ಟುತ್ತಿತ್ತು. ಅವನಿಗೆ ಒಂದು ಕೆಮ್ಮು ಹತ್ತಿ ಮೂರು ತಿಂಗಳಾಗಿತ್ತು. ಗ್ರೈಂಡರಿನ ಧೂಳು, ಬೆಲ್ಲ ತಿಂದರೆ ಹೋಗುತ್ತದೆ ಎನ್ನುತ್ತಿದ್ದ. ಹೆಂಡತಿ ಸಿರಿಯಮ್ಮ ಬಿಡದೆ ಲಲಿತಾಬಾಯಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಎಕ್ಸ್‌ರೇ ತೆಗೆಯುವ ಮುಂಚೆ ಮೈಲಾರಿ ತಲೆ ಬಾಚಿಕೊಂಡ.

ಎರಡು ದಿನದ ಮೇಲೆ ಸಿರಿಯಮ್ಮ ಒಬ್ಬಳೇ ಹೋದಾಗ ಡಾಕ್ಟರು ಮೊದಲು ಕೇಳಿದ್ದು, “ಎಂಜಿನ್ ತೆಗೆದಿದಾನಾ?”

“ತೆಗೆದವ್ರೆ. ಅಕ್ಕಿ ಗಿರಣಿ ಪಾಲಾಕ್ಷಪ್ಪಂದು.”

“ಹಂಗಾದ್ರೆ ನಿನಗೇ ಹೇಳ್ತೀನಿ, ಬಾಗಿಲು ಹಾಕು. ಬಲಗಡೆ ಗಡ್ಡೆ ಐತೆ. ಈಗ ಸಣ್ಣದು. ಆಚೆ ಊರಿನ ದೊಡ್ಡಾಸ್ಪತ್ರೆಯಲ್ಲಿ ಕೊಯ್ದು ತೆಗೀತಾರೆ, ಬದುಕ್ತಾನೆ. ಒಂದು ತಿಂಗಳ ಒಳಗೆ ಹೋಗ್ಬೇಕು. ಆಮೇಲೆ ಹೋದ್ರೆ ಬರೀ ಊರು ನೋಡ್ಕೊಂಡು ಬರಬಹುದು, ಅಷ್ಟೇ.”

ಸಿರಿಯಮ್ಮ ಎಕ್ಸ್‌ರೇಯ ಕಪ್ಪು ಹಾಳೆಯನ್ನು ಸುತ್ತಿ ಸೆರಗಿನಲ್ಲಿ ಹಿಡಿದುಕೊಂಡು ಬಂದಳು. ಪಾಲಾಕ್ಷಪ್ಪನ ಎಂಜಿನ್ ಎಂಟನೇ ದಿನಕ್ಕೆ ಮುಚ್ಚುವುದಿತ್ತು. ಎಂಟು ದಿನ ಕಾಯೋಣ, ಬಟ್ಟೆ ಇಳಿದ ಕೂಡಲೇ ಹೇಳೋಣ ಎಂದುಕೊಂಡಳು. ಬೆಂಚಿನ ಮೇಲೆ ತಾನೇ ಮೊದಲು ಕೂರಬೇಕು ಎಂದುಕೊಂಡಳಂತೆ. ಆರನೇ ದಿನ ಪುರಸಭೆ ಅಧ್ಯಕ್ಷ ಕೊಟ್ರಪ್ಪನವರ ಎಂಜಿನ್ ಶೆಡ್ಡಿಗೆ ಬಂತು. ಬಂದ ಸಂಜೆಯೇ ಮೈಲಾರಿ ಅದನ್ನು ಬಿಚ್ಚಿ ಹರವಿದ. ಒಂದು ತೆರೆದಿರುವಾಗ ಇನ್ನೊಂದು ಮುಚ್ಚಿದರೆ ಬಟ್ಟೆ ಇಳಿಯುವುದಿಲ್ಲ.

ಆ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ಮಡಿ ಇದ್ದದ್ದು ಮೈಲಾರಿಗೆ ಮಾತ್ರ. ಜನ ಅವನನ್ನು ಕಂಡು ಮುಖ ಅರಳಿಸಿ, ‘ಏನ್ ಮೇಸ್ತ್ರೀ, ಸಣ್ಣಗಾಗಿ ಲಕ್ಷಣವಾಗಿದೀರಿ’ ಎನ್ನುತ್ತಿದ್ದರು. ಅವನಿಗೆ ಖುಷಿಯಾಗುತ್ತಿತ್ತು.

ಸಿರಿಯಮ್ಮ ಕೊಟ್ರಪ್ಪನವರ ಮನೆಗೆ ಹೋದಳು. ಅವರು ಜಗುಲಿಯ ಮೇಲೆ ಕೂತು ಉಗುರು ತೆಗೆದುಕೊಳ್ಳುತ್ತಿದ್ದರು.

“ಅಣ್ಣಾ, ನಿಮ್ಮ ಎಂಜಿನ್ ವಾಪಸ್ ತಗೊಂಡು ಹೋಗ್ರಿ. ಒಂದೇ ಒಂದು ದಿನ ಶೆಡ್ ಖಾಲಿ ಇದ್ರೆ ಸಾಕು ನನಗೆ.”

“ಅಯ್ಯೋ ತಂಗೀ, ನನಗೆ ಗೊತ್ತಿಲ್ಲ ಅನ್ಕೊಂಡೆಯಾ? ಕೇಳಿದಾಗಿಂದ ಊಟ ಸೇರ್ತಿಲ್ಲ ನನಗೆ.”

“ಬೆಳಗ್ಗೆ ನಾಕು ರೊಟ್ಟಿ ತಿಂದ್ರಲ್ಲ,” ಎಂದರು ಒಳಗಿನಿಂದ ಅವರ ಹೆಂಡತಿ.

“ಅದು ಬೇಜಾರಿಗೆ ತಿಂದದ್ದು ಕಣೇ. ನೋಡಮ್ಮ ಸಿರಿಯಮ್ಮ, ಬಿಚ್ಚಿಬಿಟ್ಟವ್ನೆ. ಬಿಚ್ಚಿದ್ದನ್ನ ಹಂಗೇ ಹೊತ್ಕೊಂಡು ಹೋದ್ರೆ ಯಾಕೆ ಅಂತ ಕೇಳಲ್ವಾ ಅವನು? ಏನು ಹೇಳ್ಲಿ? ಹೇಳಿದ್ರೆ ಮಡಿ ಕೆಡಿಸಿದ ಪಾಪ ನನಗೆ ಬರಲ್ವಾ? ಇನ್ನು ಹತ್ತನ್ನೆರಡು ದಿನ. ನಂದೇ ಕಡೇದು ಅಂತ ಸಾರಿಸ್ತೀನಿ. ಆಮೇಲೆ ನನ್ನ ಕಾರಲ್ಲೇ ಆಸ್ಪತ್ರೆಗೆ ಬಿಟ್ಟು ಬರ್ತೀನಿ. ಇನ್ನೂರೈವತ್ತು ಕುದುರೆ! ಎಷ್ಟೊತ್ತು ಹೋಗೋಕೆ?”

ಅವರು ಸುಳ್ಳು ಹೇಳುತ್ತಿರಲಿಲ್ಲ, ಕಷ್ಟ ಇದ್ದದ್ದೇ ಅಲ್ಲಿ. ನಿಜವಾಗಿಯೂ ಮರುಗಿದ್ದರು. ಪಾಲಾಕ್ಷಪ್ಪನೂ ಮರುಗಿದ್ದ. ಅಧ್ಯಕ್ಷರದು ಕಟ್ಟೆಯಿಂದ ಇಳಿದ ಕೂಡಲೇ ತನ್ನ ಎಂಜಿನ್ ತರುವುದಾಗಿ ಆಗಲೇ ಮೈಲಾರಿಯ ಹತ್ತಿರ ಮಾತಾಡಿಕೊಂಡಿದ್ದ ದನದ ಡಾಕ್ಟರಂತೂ, ಸಿರಿಯಮ್ಮ ಹೋಗಿ ಹೇಳಿದಾಗ ಕಣ್ಣೊರೆಸಿಕೊಂಡು, “ಅದಕ್ಕೇ ನೋಡ್ರಿ ನಾನು ಅವಸರ ಮಾಡ್ತಿರೋದು” ಎಂದನಂತೆ.

ಕಡೆಗೆ ಅವಳು ಗಂಡನಿಗೇ ಹೇಳಲು ನೋಡಿದಳು. ಸ್ನಾನದ ನೀರು ಕೊಡುವಾಗ, “ನಿಮಗೆ ಒಂದು ಮಾತು ಹೇಳ್ಬೇಕು” ಎಂದಳು. ಮೈಲಾರಿ ಸೋಪಿನ ಕೈಯಲ್ಲೇ ಕಿವಿ ಮುಚ್ಚಿಕೊಂಡ.

“ಏ, ಬಾಗಿಲಿಗೆ ಕಟ್ಟಿರೋದು ಕಾಣ್ಸಲ್ವಾ ನಿನಗೆ? ನಿನ್ನ ಮುಖ ನೋಡಿದ್ರೇ ಗೊತ್ತಾಗ್ತೈತೆ ಒಳ್ಳೇದಲ್ಲ ಅಂತ. ಏನಿದ್ರೂ ಆಮೇಲೆ.”

“ಆಮೇಲೆ ಅನ್ನೋದು ಇರ್ಬೇಕಲ್ಲ.”

“ಇರ್ದೆ ಎಲ್ಲಿಗೆ ಹೋಗ್ತೈತೆ? ನೀರು ಹಾಕು.”

ಅವಳು ನನ್ನ ಮನೆಗೆ ಬಂದದ್ದು ಹದಿನೆಂಟನೇ ದಿನ ಬೆಳಿಗ್ಗೆ. ನಾನು ಎಂದಿನಂತೆ ಓದುತ್ತ ಕೂತಿದ್ದೆ. ಕೂರಲು ಹೇಳಿದರೆ ಕೂರಲಿಲ್ಲ.

“ಮಾಸ್ತರೇ, ನಾಳೆ ಅಧ್ಯಕ್ಷರ ಎಂಜಿನ್ ಕಟ್ಟೆಗೆ ಬರ್ತೈತೆ. ನೀವು ನೂರಾ ಎಂಬತ್ತು ಅಂತ ಓದ್ಬೇಕು.”

“ಸೂಜಿ ಎಷ್ಟು ತೋರಿಸಿದರೂ?”

“ಸೂಜಿ ನಿಮ್ಮೊಬ್ಬರಿಗೇ ಕಾಣೋದು. ನೂರಾ ಎಂಬತ್ತು ಅಂದ್ರೆ, ಮೇಸ್ತ್ರಿ ಎದೆ ಬತ್ತೋಯ್ತು ಅಂತಾರೆ ಜನ. ದನದ ಡಾಕ್ಟ್ರು ತನ್ನದು ತರಲ್ಲ. ಯಾರೂ ತರಲ್ಲ. ಶೆಡ್ ಖಾಲಿ ಆಗ್ತೈತೆ, ಬಟ್ಟೆ ಇಳೀತೈತೆ, ಅವತ್ತೇ ಹೇಳಿ ಬಸ್ಸು ಹತ್ತಿಸ್ತೀನಿ. ನೀವು ಒಂದು ಸಲ ತಪ್ಪು ಓದಿದ್ರೆ ಒಂದು ಜೀವ ಉಳೀತೈತೆ. ಇಷ್ಟು ಓದ್ಕೊಂಡಿದೀರಿ, ಇದು ನಾನು ನಿಮಗೆ ಬಿಡಿಸಿ ಹೇಳ್ಬೇಕಾ?”

ಆಗಲಿ ಎಂದೆ. ನನ್ನ ಆ ಮಾತನ್ನು ಆಮೇಲೆ ಬಹಳ ಸಲ ತಿರುಗಿಸಿ ನೋಡಿದ್ದೇನೆ. ಅದರಲ್ಲಿ ಮೋಸವಿರಲಿಲ್ಲ. ಮರುದಿನ ಗಡ್ಡ ಕೆರೆದುಕೊಳ್ಳುವಾಗ ಕನ್ನಡಿಯ ಮುಂದೆ ‘ನೂರಾ ಎಂಬತ್ತು’ ಎಂದು ನಾಲ್ಕು ಸಲ ಹೇಳಿಯೂ ನೋಡಿದೆ. ನನ್ನ ಬಾಯಿಗೆ ಅದು ಚೆನ್ನಾಗಿಯೇ ಒಗ್ಗಿತು.

ಕಡೆಯ ಬೋಲ್ಟು ಬಿಗಿಯುವಾಗ ಅಳೆಯುವವನು ಎದುರಿಗಿರಬೇಕು. ಮಧ್ಯಾಹ್ನ ಶೆಡ್ಡಿಗೆ ಹೋದೆ. ಎಂಜಿನ್ನಿನ ಉದ್ದಕ್ಕೂ ಹಾಯುವ ಹದಿನೆಂಟು ಉದ್ದ ಬೋಲ್ಟುಗಳಲ್ಲಿ ಹದಿನಾರು ಬಿಗಿದಾಗಿತ್ತು. ಇನ್ನೆರಡು ಊಟವಾದ ಮೇಲೆ ಎಂದು ಮೈಲಾರಿ ಕೈ ಒರೆಸಿಕೊಂಡ. ಸಿರಿಯಮ್ಮ ಬುತ್ತಿಚೀಲ ತಂದು ಅವನ ಮುಂದಿಟ್ಟಳು. ಡಬ್ಬಿಯ ಪಕ್ಕದಲ್ಲಿ ಸುರುಳಿ ಸುತ್ತಿದ ಕಪ್ಪು ಹಾಳೆ. ಅವಳು ನನ್ನನ್ನು ಪೂರ್ತಿ ನಂಬಿರಲಿಲ್ಲ, ಜಾಣೆ. ಗೊತ್ತಾದರೆ ಅವನ ಮನಸ್ಸು ತಾನಾಗಿ ಇಳಿಯುತ್ತದೆ, ಅಂಕಿ ತಾನಾಗಿ ಇಳಿಯುತ್ತದೆ, ಮಾಸ್ತರು ಸುಳ್ಳು ಹೇಳುವ ತೊಂದರೆಯೂ ತಪ್ಪುತ್ತದೆ ಎಂದು ಲೆಕ್ಕ ಹಾಕಿದ್ದಳು. ಕಿವಿ ಮುಚ್ಚಿಕೊಳ್ಳುವವನಿಗೆ ಕಣ್ಣಿಗೆ ತೋರಿಸಬೇಕಲ್ಲ.

ಮೈಲಾರಿ ಹಾಳೆಯನ್ನು ಬಿಚ್ಚಿ, ಬಾಗಿಲ ಬೆಳಕಿಗೆ ಹಿಡಿದು, ಎಂಜಿನ್ನಿನ ಸವೆದ ಕವಚದೊಳಗೆ ಟಾರ್ಚ್ ಬಿಟ್ಟು ನೋಡುವ ಹಾಗೆ ಒಂದು ಕಣ್ಣು ಕಿರಿದು ಮಾಡಿ ನೋಡಿದ.

“ಇದು ಯಾವ ಗಾಡೀದು?”

“ಮೂಲೇಲಿ ಹೆಸರೈತೆ, ಓದ್ರಿ.”

ಓದಿದ. ಆಮೇಲೆ ಉಗುರಿನಿಂದ ಒಂದು ಜಾಗ ಮುಟ್ಟಿದ. ಡಾಕ್ಟರು ತೋರಿಸಿದ್ದ ಅದೇ ಜಾಗ.

“ಇಲ್ಲಿ ತಿಂದುಬಿಟ್ಟೈತೆ.” ಹಾಳೆಯನ್ನು ಮತ್ತೆ ಸುತ್ತಿದ. “ಎಷ್ಟು ದಿನ ಆಯ್ತು?”

“ಹತ್ತೊಂಬತ್ತು.”

“ಹಂಗಾದ್ರೆ ಪಾಲಾಕ್ಷಪ್ಪಂದು ಮುಚ್ಚೋವಾಗ್ಲೇ ಇತ್ತು.”

“ಇತ್ತು.”

“ಆದ್ರೂ ಇನ್ನೂರ ನಲವತ್ತೊಂದು ಬಂತಲ್ಲೇ.”

“ಅದ್ಯಾವ ಲೆಕ್ಕ ಹಾಕ್ತಿದೀರಿ ಈಗ!” ಎಂದವಳು ದನಿ ಇಳಿಸಿದಳು. “ಹತ್ತು ದಿನ ಉಳದೈತೆ. ಕೊಯ್ದು ತೆಗೀತಾರಂತೆ. ನಾಳೆ ಬೆಳಗಿನ ಬಸ್ಸಿಗೆ ಹೋಗಣ.”

“ಹೂಂ. ಹೋಗಣ,” ಎಂದ ಮೈಲಾರಿ. ನಾನು ಕೇಳಿಸಿಕೊಂಡೆ. ಅಷ್ಟು ಸರಾಗವಾಗಿ ಎಂದ. ಡಬ್ಬಿ ಬಿಚ್ಚಿ ರೊಟ್ಟಿ, ಪಲ್ಯ, ಮೊಸರನ್ನ ಪೂರ್ತಿ ಉಂಡ. ಕೈ ತೊಳೆದ. ಬಿಗಿ ಸಾಕಾದಾಗ ಟಕ್ ಎನ್ನುವ ಟಾರ್ಕ್ ರೆಂಚ್ ಎತ್ತಿಕೊಂಡು ಎಂಜಿನ್ನಿನ ಮುಂದೆ ಮಂಡಿಯೂರಿದ. ಹದಿನೇಳನೆಯದನ್ನು ಬಿಗಿದ. ಹದಿನೆಂಟನೆಯದರ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಯಾವತ್ತೂ ಇಲ್ಲದಷ್ಟು ಹೊತ್ತು ಹಾಗೇ ಇದ್ದು, ಆಮೇಲೆ ಬಿಗಿದ. ಸಿರಿಯಮ್ಮ ನನ್ನ ಕಡೆ ನೋಡಿದಳು. ನೂರರ ಮೇಲೆ ಬರಲಾರದು ಎಂದು ಇಬ್ಬರೂ ಅಂದುಕೊಂಡೆವು.

ಎಂಜಿನ್ ಕಾರಿಗೆ ಕೂತು, ಕಾರು ಕಟ್ಟೆಗೆ ಬರುವಾಗ ಬಿಸಿಲು ಇಳಿದಿತ್ತು. ಅಧ್ಯಕ್ಷರ ಕಾರು ಎಂದ ಮೇಲೆ ಅರ್ಧ ಊರು ಬಂದಿತ್ತು. ದನದ ಡಾಕ್ಟರ ಗಾಡಿಯಲ್ಲಿ ಅವನ ಎಂಜಿನ್ ಆಗಲೇ ಗೋಣಿ ಹೊದ್ದು ಕೂತಿತ್ತು. ಕೊಟ್ರಪ್ಪನವರು ಸ್ವತಃ ಆಕ್ಸಿಲರೇಟರ್ ತುಳಿದರು. ಸೂಜಿ ನೂರು ದಾಟಿತು. ಇನ್ನೂರು ದಾಟಿತು. ಇನ್ನೂರೈವತ್ತರ ಹತ್ತಿರ ಸೂಜಿ ಎಂದೂ ಬಾರದ್ದರಿಂದ ಗಾಜಿನ ಮೇಲೆ ಒರೆಸದೆ ಬಿಟ್ಟ ಧೂಳಿತ್ತು. ಅದರ ಹಿಂದೆ ಹೋಗಿ ಮತ್ತೂ ಏರಿತು. ಮುನ್ನೂರ ಹನ್ನೆರಡರಲ್ಲಿ ನಿಂತಿತು. ತನಗಾಗಿ ಇನ್ನೇನನ್ನೂ ನಿರೀಕ್ಷಿಸಲಾಗದ ಮನುಷ್ಯ, ಇದ್ದ ಆಸೆಯನ್ನೆಲ್ಲ ಬಳಿದು ಆ ಕಬ್ಬಿಣದ ಮುದ್ದೆಯ ಮೇಲೆ ಇಟ್ಟುಬಿಟ್ಟಿದ್ದ.

ನನ್ನ ನಾಲಿಗೆಯ ಮೇಲೆ ನೂರಾ ಎಂಬತ್ತು ತಯಾರಿತ್ತು. ನಾನು ಬಾಯಿ ತೆರೆದೆ. “ಮುನ್ನೂರ ಹನ್ನೆರಡು” ಎಂದೆ.

ಸತ್ಯಕ್ಕಾಗಿ ಹೇಳಿದೆ ಎಂದರೆ ಅದೇ ಸುಳ್ಳಾದೀತು. ಅಂಥ ಅಂಕಿ ಈ ಊರಿನಲ್ಲಿ ಮೊಟ್ಟಮೊದಲು ಯಾರ ಬಾಯಿಂದ ಬಂತು ಎಂದರೆ ನನ್ನ ಬಾಯಿಂದ ಬಂತು ಎಂದು ಜನ ಹೇಳಬೇಕಿತ್ತು ನನಗೆ, ಅಷ್ಟೇ. ಜನರ ಕೂಗಿಗೆ ಮೈದಾನದ ಎಮ್ಮೆಗಳು ಎದ್ದು ನಿಂತವು.

ಮೈಲಾರಿ ಗುಂಪಿನ ಹಿಂದೆ ಎಲ್ಲೋ ಕೂತಿದ್ದವನು ಎದ್ದು ಬಂದ. ಮುಖ ಮದುಮಗನದಾಗಿತ್ತು.

“ಕೇಳಿದ್ಯೇನೇ! ಮುನ್ನೂರ ಹನ್ನೆರಡು! ಈ ಎದೇನಾ ತಿಂದೋಗಿರೋದು? ಆ ಫೋಟೋ ಯಾರದೋ ಇರ್ಬೇಕು.”

“ಹೆಸರು ನಿಮ್ಮದೇ ಐತಲ್ರೀ.”

“ಹೆಸರು ಯಾರು ಬೇಕಾದ್ರೂ ಬರೀತಾರೆ. ಮಾಸ್ತರ್ ಸುಳ್ಳು ಹೇಳ್ತಾರಾ? ಕೇಳು ಬೇಕಾದ್ರೆ.”

ಸಿರಿಯಮ್ಮ ನನ್ನ ಕಡೆ ತಿರುಗಿದಳು. ನಾನು ಚೀಟಿಯ ಮೇಲೆ ಅಂಕಿ ಬರೆಯುತ್ತಿದ್ದೆ. ಬರೆಯುವುದು ಬಹಳವಿತ್ತು ಎನ್ನುವ ಹಾಗೆ ಬರೆಯುತ್ತಲೇ ಇದ್ದೆ.

ಬೆಳಗಿನ ಬಸ್ಸು ಅವರಿಬ್ಬರಿಲ್ಲದೆ ಹೋಯಿತು. ಮೈಲಾರಿ ಐದು ತಿಂಗಳು ಬದುಕಿ, ಏಳು ಎಂಜಿನ್ ಮುಚ್ಚಿದ. ಯಾವುದೂ ಇನ್ನೂರ ಅರವತ್ತಕ್ಕಿಂತ ಕೆಳಗೆ ಇಳಿಯಲಿಲ್ಲ. ಕಡೆಕಡೆಗೆ ಇಬ್ಬರು ಅವನನ್ನು ಹಿಡಿದುಕೊಳ್ಳಬೇಕಿತ್ತು, ರೆಂಚ್ ಅವನೇ ತಿರುಗಿಸುತ್ತಿದ್ದ. ಎಂಟನೆಯದು, ಪಾಲಾಕ್ಷಪ್ಪನ ತಮ್ಮನದು, ತೆರೆದೇ ಇತ್ತು. ಹೆಣ ಎತ್ತುವ ಮುಂಚೆ, ಇದನ್ನು ಇನ್ನು ಯಾರು ಮುಚ್ಚುತ್ತಾರೆ ಎಂದು ಅಂಗಳದಲ್ಲಿ ಮಾತಾಯಿತು.

ಊರು ಪಾಠ ಕಲಿಯದೆ ಇರಲಿಲ್ಲ. ಊಟದ ಹೊತ್ತಿಗೆ ಸಿರಿಯಮ್ಮ ಹಾಳೆ ತೋರಿಸಿದ್ದು, ಆಮೇಲೆ ಮುನ್ನೂರ ಹನ್ನೆರಡು ಬಂದದ್ದು ಎಲ್ಲರಿಗೂ ಗೊತ್ತಿತ್ತು. ಪುರಸಭೆ ಸುದ್ದಿಮಡಿಯನ್ನು ರದ್ದು ಮಾಡಿತು. ಇನ್ನು ಮೇಲೆ ಕಡೆಯ ಬೋಲ್ಟಿನ ಮುಂಚೆ ಮೇಸ್ತ್ರಿಗೆ ಕೆಟ್ಟ ಸುದ್ದಿ ಹೇಳತಕ್ಕದ್ದು ಎಂದು ಠರಾವಾಯಿತು. ಪೋಸ್ಟಿನವನು ಈಗ ಒಳ್ಳೆಯ ಕಾಗದಗಳನ್ನು ತಡೆಹಿಡಿದ. ಸುದ್ದಿ ಇಲ್ಲದಿದ್ದರೆ ಕಟ್ಟಿ ಹೇಳಿದರು. ಸಿದ್ರಾಮನಿಗೆ ಮನೆ ಸುಟ್ಟುಹೋಯಿತು ಎಂದಾಗ ಅವನು ರೆಂಚ್ ಸಮೇತ ಓಡಿಹೋಗಿ, ಮನೆ ನೆಟ್ಟಗಿರುವುದನ್ನು ನೋಡಿ, ಅಳಿಯನಿಗೆ ಎರಡು ಬಾರಿಸಿ ಬಂದು ಬೋಲ್ಟು ಬಿಗಿದ. ಎಪ್ಪತ್ತೊಂದು. ಉಳಿದವರದು ಎಂಬತ್ತು, ಅರವತ್ತೈದು. ಸುದ್ದಿ ಸಾಕಷ್ಟು ಕೆಟ್ಟದ್ದಿರಲಿಲ್ಲ ಎಂದು ಜನ ತೀರ್ಮಾನಿಸಿದರು. ಹಾಗಾದರೆ ಊರಿನಲ್ಲಿ ಎಲ್ಲರಿಗಿಂತ ಕೆಟ್ಟ ಸುದ್ದಿ ಯಾರ ಮನೆಯಲ್ಲಿದೆ ಎಂದು ಯೋಚಿಸಿದರು.

ತಿಂಗಳು ಕಳೆಯುವುದರೊಳಗೆ ಕೊಟ್ರಪ್ಪನವರು ನಾಲ್ಕು ಜನರನ್ನು ಕರೆದುಕೊಂಡು ಸಿರಿಯಮ್ಮನ ಮನೆಗೆ ಹೋದರು. ನನ್ನನ್ನೂ ಕರೆದಿದ್ದರು. ನಾನು ಬಾಗಿಲ ಹೊರಗೆ ನಿಂತೆ.

“ತಂಗೀ, ಆ ಎಂಟನೇ ಎಂಜಿನ್ ಹಂಗೇ ಕೂತೈತೆ. ಸಿದ್ರಾಮ ಹದಿನೇಳು ಬಿಗಿದು ಕೊಡ್ತಾನೆ. ನೀನು ಬರೀ ಕಡೇದೊಂದು ಬಿಗಿ. ಮೈಲಾರಿ ಹೆಸರು ಉಳೀಲಿ.”

“ನನಗೆ ಯಾಕಣ್ಣ? ನಾನೇನ್ ಮೇಸ್ತ್ರಿಯಾ?”

“ನಿನ್ನಷ್ಟು ದುಃಖ ಊರಲ್ಲಿ ಇನ್ಯಾರಿಗೈತಮ್ಮ?”

ಅವಳು ಅವರ ಮುಖವನ್ನು ಒಂದೊಂದಾಗಿ ನೋಡಿದಳು. ನನ್ನ ತನಕ ಬರಲಿಲ್ಲ. “ಆಯ್ತು,” ಎಂದಳು. “ಎಲ್ಲಾರೂ ಬರ್ರಿ ನೋಡೋಕೆ.”

ಎಲ್ಲರೂ ಬಂದರು. ಅವಳು ಗಂಡನ ರೆಂಚನ್ನೇ ಹಿಡಿದು, ಅವನು ಮಾಡುವುದನ್ನು ಇಪ್ಪತ್ತು ವರ್ಷ ನೋಡಿದ್ದವಳ ಹಾಗೆ ಮಂಡಿಯೂರಿ, ಟಕ್ ಎನ್ನುವ ತನಕ ಸರಿಯಾಗಿ ಬಿಗಿದಳು. ಕಾರು ಕಟ್ಟೆ ಏರಿತು. ಎಂಜಿನ್ ಮೊದಲ ಕೀಲಿಗೇ ಹೊತ್ತಿಕೊಂಡಿತು. ಪೋರ್ಟು ಅಗಲ ಮಾಡಿದ ರೋಟರಿಯ ಆ ಕುಂಟು ಗುಡುಗು, ಪೈಪಿನ ಬಾಯಲ್ಲಿ ನೀಲಿ ಬೆಂಕಿ, ಎಲ್ಲ ಇತ್ತು. ಆಕ್ಸಿಲರೇಟರ್ ನೆಲಕ್ಕೆ ತಾಗುವಷ್ಟು ತುಳಿದರು. ಕಿವಿ ಗುಂಯ್‌ಗುಟ್ಟಿತು. ಗಾಲಿಗಳು ರೋಲರಿನ ಮೇಲೆ ಸುಮ್ಮನೆ ನಿಂತಿದ್ದವು. ಸೂಜಿ ತನ್ನ ಮೊಳೆಗೆ ಒರಗಿಕೊಂಡಿತ್ತು. ಅದು ಅಲ್ಲಾಡಿದರೆ ಸಾಕು ಎಂದು ನಾನು ಕಾದೆ.

“ಸೊನ್ನೆ,” ಎಂದೆ.

“ಸರಿಯಾಗಿ ನೋಡ್ರಿ ಮಾಸ್ತರ್!” ಎಂದರು ಕೊಟ್ರಪ್ಪನವರು. “ಡಬ್ಬಿ ಕೆಟ್ಟಿರ್ಬೇಕು. ಇಲ್ಲ ನಿಮ್ಮ ಕಣ್ಣು.”

ಸಿರಿಯಮ್ಮ ರೆಂಚನ್ನು ಕಟ್ಟೆಯ ಮೇಲೆ ಇಟ್ಟಳು. “ಯಾಕಣ್ಣ, ಮಾಸ್ತರ ಮೇಲೆ ನಂಬಿಕೆ ಇಲ್ವಾ? ಅವ್ರು ಇದ್ದಿದ್ದನ್ನ ಇದ್ದಂಗೇ ಓದೋರು. ಅದೊಂದು ನಾನು ಕಣ್ಣಾರೆ ನೋಡಿದೀನಿ,” ಎಂದು ಹೇಳಿ, ಕೈಗೆ ಮೆತ್ತಿದ ಎಣ್ಣೆಯನ್ನು ಕಾರಿನ ಸೀಟಿಗೆ ಒರೆಸಿ, ಗುಂಪಿನ ನಡುವೆ ದಾರಿ ಮಾಡಿಕೊಂಡು ಹೋದಳು.

ಅವರು ನನ್ನಿಂದ ಮತ್ತೊಮ್ಮೆ ಓದಿಸಿದರು. ಓದಿದೆ.